ಮೊದಲ ಬಿಲ

ಆರು ತಿಂಗಳ ಫೆರೆಟ್ ಮರಿ. ಹೆಸರು ಬಟನ್.
ಇಟ್ಟವಳು ಐಡಾ, ಪಕ್ಕದ ಮನೆಯ ಪೀರ್ಟ್‌ಗಳ ಹುಡುಗಿ,
ಹನ್ನೊಂದು ತುಂಬಿದ್ದರೂ ಒಂಬತ್ತರವಳಷ್ಟೇ ಎತ್ತರ,
ಮಾತು ಮಾತ್ರ ಅರವತ್ತರದು.

ಬೇಸಿಗೆಯಿಡೀ ಬೆರಳು ಕಚ್ಚಿಸಿಕೊಂಡಳು.
ಕಚ್ಚಿದಾಗ ಕೈ ಎಳೆಯಬೇಡ ಎಂದಿದ್ದೆ,
ಎಳೆದರೆ ಗೊತ್ತಾಗುತ್ತದೆ ಅದಕ್ಕೆ, ನೀನೂ ಓಡುವ ಜಾತಿಯೆಂದು.
ಎಳೆಯಲಿಲ್ಲ. ಶಾಲೆಯಲ್ಲಿ ಕೇಳಿದರೆ
ಗುಲಾಬಿ ಮುಳ್ಳು ಎಂದಳಂತೆ.
ಹಿತ್ತಿಲಲ್ಲಿ ಹಳೆಯ ಮೋರಿ ಕೊಳವೆ ಜೋಡಿಸಿ
ಈ ತುದಿಯಲ್ಲಿ ಬಿಟ್ಟು, ಆ ತುದಿಗೆ ಓಡಿ ಹೆಸರು ಕರೆದು
ಕತ್ತಲಿಗೂ ಒಂದು ಆಚೆ ಕಡೆಯಿದೆ ಎಂದು
ಕಲಿಸಿದ್ದೂ ಅವಳೇ.

ನವೆಂಬರ್ ಮುಗಿಯಲಿ, ಎಂದೆ. ಜರಿಗಿಡ ಒಣಗಿ ಬೀಳಲಿ,
ಬಿಲದ ಬಾಯಿಗಳೆಲ್ಲ ಕಾಣುವಂತಾಗಲಿ.
ಕಾದಳು, ಕ್ಯಾಲೆಂಡರಿಗೆ ಗೀರು ಹಾಕುತ್ತ.

ಡಿಸೆಂಬರಿನ ಮೊದಲ ಶನಿವಾರ, ವಿಯರ್‌ಡೇಲಿನ ಮೇಲುಗಡೆ.
ಸೀಸದ ಗಣಿ ಮುಚ್ಚಿ ಎಷ್ಟೋ ಕಾಲವಾದರೂ
ಹುಲ್ಲು ಸರಿಯಾಗಿ ಹಿಡಿಯದ ದಿಬ್ಬದ ಮಗ್ಗುಲಲ್ಲಿ
ಮುದುಕ ರೇನ್‌ನ ಕುರಿಗಾವಲು. ಕಲ್ಲುಗೋಡೆಯ ಬುಡದಲ್ಲಿ
ಮೂರೇ ಬಾಯಿಯ ಒಂದು ಸಣ್ಣ ಬಿಲ.
ಹೊಸಬರಿಗೆ ಕೋಟೆ ತೋರಿಸಬಾರದು, ಗುಡಿಸಲು ಸಾಕು.

ಗಾಳಿಗೆ ಎದುರಾಗಿ ಬಂದೆವು,
ಮಾತಿಲ್ಲ, ಬೂಟಿನ ಸದ್ದಿಲ್ಲ,
ನೆಲದಡಿಯ ಕಿವಿ ನಮ್ಮ ಕಿವಿಗಿಂತ ಉದ್ದ.
ಬಾಯಿಗೊಂದರಂತೆ ಚೀಲಬಲೆ ಹರಡಿ ಗೂಟ ಒತ್ತಿದೆ.
ಐಡಾ ಬಲೆಗೆ ಸಿಕ್ಕಿದ ಎಲೆ, ಕಡ್ಡಿ ಹೆಕ್ಕಿದಳು
ತಲೆಯಿಂದ ಹೇನು ತೆಗೆಯುವ ಹಾಗೆ.
ಬೀಪ್ ಎನ್ನುವ ಪಟ್ಟಿ ಬಟನ್‌ನ ಕೊರಳಿಗೆ ಕಟ್ಟಿ
ಅಂಚೆತ್ತಿ ಇಳಿಬಿಟ್ಟಳು.
ಒಮ್ಮೆ ತಿರುಗಿ ನೋಡಿತು.
ಮೂಗು ಮಣ್ಣಿಗಿಟ್ಟಿತು. ಬಾಲ ಬಾಟಲಿ ತೊಳೆಯುವ ಬ್ರಶ್ಶಾಯಿತು.
ಆಮೇಲೆ ಅದು ಇರಲಿಲ್ಲ.

ಏನೂ ಇಲ್ಲ.
ದೂರದಲ್ಲಿ ಯಾರದೋ ಟ್ರ್ಯಾಕ್ಟರ್ ಕೆಮ್ಮಿ ಸುಮ್ಮನಾಯಿತು.
ಏನೂ ಇಲ್ಲ.
ಮತ್ತೆ, ಮೊಣಕಾಲ ಕೆಳಗೆ,
ನೆಲ ಒಳಗಿಂದ ಬಾಗಿಲು ತಟ್ಟಿತು
ಧಡ್ ಧಡ್, ಧಡ್,
ಎಡಗಡೆಯ ಬಲೆ ತುಂಬಿ ಉರುಳಿತು.
ಹಾರಿ ಹಿಡಿದೆ. ಕತ್ತು. ಒಂದು ಸೆಳೆತ.
ಐಡಾ ಮುಖ ತಿರುಗಿಸಲಿಲ್ಲ. ಮುಟ್ಟಿ,
ಬಿಸಿಯಿದೆ ಇನ್ನೂ, ಎಂದಳಷ್ಟೆ.

ಅದೇ ಬಾಯಲ್ಲಿ ಆಗ ಬಟನ್, ಅರ್ಧ ಒಳಗೆ ಅರ್ಧ ಹೊರಗೆ,
ಮೀಸೆಗೆಲ್ಲ ಮಣ್ಣು, ಉಗುರಲ್ಲಿ ಬೂದು ತುಪ್ಪಳ,
ಇಷ್ಟೊಂದು ಬೆಳಕು ಯಾಕೆ ಎಂಬಂತೆ.
ಬೇಸಿಗೆಯಿಡೀ ನಾನು ಹೇಳಿದ್ದು ಒಂದೇ ಪಾಠ:
ಅರ್ಧ ಬಂದದ್ದಕ್ಕೆ ಕೈ ಹಾಕಬೇಡ,
ಪೂರ್ತಿ ಬರಲಿ, ತಾನಾಗಿ ಬರಲಿ;
ಒಮ್ಮೆ ಬಾಚಿದೆಯೋ, ಜನ್ಮವಿಡೀ
ಬಿಲದ ಬಾಯಲ್ಲೇ ನಿಂತು ನಿನ್ನ ಆಟವಾಡಿಸುತ್ತದೆ.
ನಲವತ್ತು ವರ್ಷ ಹೇಳಿದ ಪಾಠ.
ಗೆದ್ದ ಕೈ, ಇನ್ನೂ ಜುಮ್ಮೆನ್ನುತ್ತಿತ್ತು.
ಬಾಚಿದೆ.

ಸಿಕ್ಕಿದ್ದು ಒಂದು ಹಿಡಿ ಮಣ್ಣು.

ಗುದ್ದಲಿ ತರುತ್ತೇನೆ, ಎಂದೆ. ಬೇಡ, ಎಂದಳು.
ಮರಿಯೇ ಮೊಂಡು, ತಾಯಿಯೂ ಹಾಗೇ ಇತ್ತು, ಎಂದೆ.
ನಾನು ಹಿಡಿದ ಮೊಲಕ್ಕೆ ಮೂರೇ ಕಾಲೆಂಬ ಮನುಷ್ಯ ನಾನು,
ಊರಿಗೆಲ್ಲ ಗೊತ್ತು, ಬಿಟ್ಟುಹೋದ ವಿನಿಫ್ರೆಡ್‌ಗೂ.
ಐಡಾ ಉತ್ತರಿಸಲಿಲ್ಲ. ಕೋಟು ಬಿಚ್ಚಿ ಹಾಸಿ
ಬೋರಲು ಮಲಗಿದಳು, ಕೆನ್ನೆ ಹೆಪ್ಪುಗಟ್ಟಿದ ಹುಲ್ಲಿಗೆ,
ಅಂಗೈ ಬಿಲದ ಬಾಯಲ್ಲಿ, ಮೇಲ್ಮುಖವಾಗಿ,
ಯಾರೋ ಮರೆತ ಕೈಗವಸಿನ ಹಾಗೆ.

ಇಪ್ಪತ್ತು ನಿಮಿಷ. ಮೂವತ್ತು. ಬಿಸಿಲು ಗೋಡೆಯಿಂದ ಇಳಿದು ಹೋಯಿತು.
ಬೇರೆ ಕೆಲಸವಿಲ್ಲದೆ ಬಲೆಯಿಂದ ಮೊಲ ಬಿಡಿಸಿದೆ:
ಒಂದು, ಎರಡು, ಮೂರು,
ನೂಲಿನ ಸಿಕ್ಕಿನಲ್ಲಿ ಮಡಚಿಕೊಂಡಿದ್ದ ನಾಲ್ಕನೆಯದು.

ತಲೆಯೆತ್ತಿದಾಗ ಬಟನ್ ಅವಳ ಅಂಗೈ ದಾಟಿ
ತೋಳಿನುದ್ದಕ್ಕೂ ನಡೆದು ಬರುತ್ತಿತ್ತು, ಅವಸರವಿಲ್ಲದೆ,
ಸ್ವೆಟರಿನ ಕೊರಳಲ್ಲಿ ಇನ್ನೊಂದು ಬಿಲ ಹುಡುಕುತ್ತ.
ಆಗಲೂ ಹಿಡಿಯಲಿಲ್ಲ ಅವಳು.
ಹಲ್ಲು ಕಟಕಟ ಎನ್ನುತ್ತಿದ್ದವು.
ಹಾಲಿದೆಯಾ? ಎಂದಳು.
ಫ್ಲಾಸ್ಕಿನ ಮುಚ್ಚಳಕ್ಕೆ ಸುರಿದೆ. ಕೈ ನಡುಗಿ
ಅರ್ಧ ಹುಲ್ಲಿಗೆ ಹೋಯಿತು.